ಮೂರು ಫೇಸ್ ಸಮವಿದ್ದರೆ ಮೋಟಾರಿಗೆ ಆಯುಸ್ಸು

ರೈತ ಬಾಂಧವರೇ, ಪೈರಿಗೆ ನೀರು ಬೇಕಾದ ಹೊತ್ತಿಗೇ ಪಂಪ್‌ಸೆಟ್ಟಿನ ಮೋಟಾರು ಸುಡುವುದೇಕೆ? ವೋಲ್ಟೇಜ್ ಕಡಿಮೆಯಾದುದಷ್ಟೇ ಅಲ್ಲ, ಮೂರು ಫೇಸ್‌ಗಳಲ್ಲಿ ಅದು ಸಮವಿಲ್ಲದಿರುವುದೂ ಕಾರಣ.

ಊರಿನ ಮನೆಗಳ ಸಂಪರ್ಕವೆಲ್ಲ ಒಂದೇ ಫೇಸಿನ ಮೇಲೆ ಬಿದ್ದರೆ ಆ ತಂತಿಯಲ್ಲಿ ವೋಲ್ಟೇಜ್ ಕುಗ್ಗುತ್ತದೆ. ಪೂರ್ಣ ಹೊರೆಯಲ್ಲಿರುವ ಮೋಟಾರಿನಲ್ಲಿ ಕರೆಂಟಿನ ಏರುಪೇರು ವೋಲ್ಟೇಜಿನದಕ್ಕಿಂತ 6ರಿಂದ 10 ಪಟ್ಟು. ಸುರುಳಿ ಕಾದು ಸುಡುತ್ತದೆ.

ಎಲೆಕ್ಟ್ರಿಷಿಯನ್ ಅಳೆದಾಗ 415, 400, 385 ವೋಲ್ಟ್ ಬಂತೆನ್ನಿ. ಸರಾಸರಿ 400, ಅದರಿಂದ ಹೆಚ್ಚಿನ ಅಂತರ 15, ಏರುಪೇರು ಶೇ. 3.75. ಶೇ. 1 ದಾಟಿದರೆ ಹೊರೆ ತಗ್ಗಿಸಿ, ಶೇ. 5 ದಾಟಿದರೆ ಓಡಿಸಲೇಬೇಡಿ.

ಸಂಪರ್ಕಗಳನ್ನು ಮೂರೂ ಫೇಸಿಗೆ ಹಂಚುವಂತೆ ಊರವರೆಲ್ಲ ಸೇರಿ ವಿದ್ಯುತ್ ಕಚೇರಿಗೆ ಅರ್ಜಿ ಕೊಡಿ. ಸ್ಟಾರ್ಟರಿಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿ. ಕಂಡೆನ್ಸರ್ ಕಟ್ಟಿ ಎರಡೇ ಫೇಸಿನಲ್ಲಿ ಓಡಿಸುವ ಚಾಳಿ ಬಿಡಿ. ಅದು ನೆರೆಯವರ ಮೋಟಾರಿಗೂ ಕೇಡು.