ವಾರ್ತೆ ಓದೋಕೆ ಬರೀ ದನಿ ಸಾಲದು ಸ್ವಾಮಿ!

ನಮ್ಮ ಬಸ್ ಸ್ಟ್ಯಾಂಡ್ ಎದುರಿನ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ, ಗಿರಾಕಿ ಇಲ್ಲದಾಗ ಪೇಪರ್ ಹಿಡಿದು ಗಟ್ಟಿಯಾಗಿ ಓದುತ್ತಾಳೆ. 'ವಾರ್ತೆ ಓದೋಳಾಗ್ಬೇಕು ಸಾರ್' ಅಂತಾಳೆ. ನಗಬೇಡಿ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಮನೆಯಲ್ಲೇ ಶುರು ಮಾಡಿದ ಬಾನುಲಿಯ 'ಆಕಾಶವಾಣಿ' ಹೆಸರೇ ಮುಂದೆ ದೇಶಕ್ಕೆಲ್ಲ ಆಯಿತು. ಇದು ನಮ್ಮವರಿಗೆ ಹೊಸ ಕಸುಬಲ್ಲ.

ಆದರೆ ದನಿ ಒಂದೇ ಸಾಲದು. ಆಕಾಶವಾಣಿಯಲ್ಲಿ ಈ ಕೆಲಸದ ಹೆಸರೇ 'ವಾರ್ತಾವಾಚಕ ಮತ್ತು ಭಾಷಾಂತರಕಾರ'. ಗಡಿಯಾರ ನೋಡಿಕೊಂಡು ಇಂಗ್ಲಿಷ್ ಸುದ್ದಿಯನ್ನು ಕನ್ನಡ ಮಾಡಬೇಕು, ಆಮೇಲೆ ತಡವರಿಸದೆ ಓದಬೇಕು. ಬರಹದ ಪರೀಕ್ಷೆಯೂ ಉಂಟು, ಧ್ವನಿ ಪರೀಕ್ಷೆಯೂ ಉಂಟು. ನಮ್ಮ ಕಡೆ ಬಾಯಲ್ಲಿ 'ಹಣ' ಹೋಗಿ 'ಅಣ' ಆಗುತ್ತೆ, 'ಶಾಲೆ' ಹೋಗಿ 'ಸಾಲೆ' ಆಗುತ್ತೆ. ಮೈಕು ಅದನ್ನು ಮುಚ್ಚಿಡೋದಿಲ್ಲ.

ಡಿಗ್ರಿಯೂ ಬೇಕು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ಈ ವರದಿಗಾರ ಅರ್ಜಿ ಹಾಕೋ ಆಸೆಯನ್ನೇ ಬಿಟ್ಟವನು. ಕ್ಯಾಷುಯಲ್ ಪಟ್ಟಿಗೆ ಸೇರಿದರೂ ತಿಂಗಳ ಸಂಬಳವಿಲ್ಲ. ಕರೆದ ದಿನಕ್ಕಷ್ಟೇ ಸಂಭಾವನೆ. 'ಅದಕ್ಕೇ ಅಂಗಡಿ ಬಿಡೋಲ್ಲ ಸಾರ್' ಅನ್ನುವ ಹುಡುಗಿ, ಕರೆಸ್ಪಾಂಡೆನ್ಸಲ್ಲಿ ಬಿ.ಎ. ಕೊನೇ ವರ್ಷಕ್ಕೆ ಬಂದಿದ್ದಾಳೆ. ಪರೀಕ್ಷೆಗೆ ರಜೆ ಮಾತ್ರ ಇನ್ನೂ ಸಿಕ್ಕಿಲ್ಲ.

ಸಾಹುಕಾರರೇ, ಆರು ದಿನ ಲೆಕ್ಕ ನೀವೇ ಬರೆದುಕೊಳ್ಳಿ. ನಾಳೆ ಅವಳು ಓದುವ ವಾರ್ತೆಯನ್ನು ಗಲ್ಲಾ ಪೆಟ್ಟಿಗೆ ಮುಂದೆ ಕೂತು ನೀವೇ ಕೇಳಬಹುದು!