ಗಿಟಾರಿಗೆ ಮಾವು, ಹಲಸು ಸಲ್ಲವೆ?

ಮರಗಳಲ್ಲಿಯೂ ಮೇಲುಕೀಳುಗಳನ್ನೆಣಿಸುವುದು ನಮ್ಮ ಜನಕ್ಕೆ ರೂಢಿಯಾಗಿ ಹೋಗಿದೆ. ಗಿಟಾರೆಂದೊಡನೆ ಬೀಟೆಯೇ ಆಗಬೇಕು. ಮಾವು ಹಲಸುಗಳು ಪೆಟ್ಟಿಗೆಗೂ ಸೌದೆಗೂ ತಕ್ಕವೆಂಬ ಭಾವನೆ ಬಲವಾಗಿದೆ. ಇದಕ್ಕೆ ಆಧಾರವೇನೆಂಬುದನ್ನು ಕೋಲಾರ ಜಿಲ್ಲೆಯ ಮಹನೀಯರು ವಿಚಾರಮಾಡಬೇಕಾದ ಕಾಲವು ಬಂದಿದೆ.

ತಂಜಾವೂರಿನ ವೀಣೆಯು ಹಲಸಿನದು. ಮೃದಂಗದ ಒಡಲೂ ಹಲಸಿನದೇ. ಶ್ರೀಪಾದರಾಜರ ಕೀರ್ತನೆಗಳನ್ನು ಕೇಳುತ್ತ ಬಂದಿರುವ ಮುಳಬಾಗಿಲಿನವರು ಹಲಸಿನ ನಾದವನ್ನು ಅರಿಯದವರಲ್ಲ. ಹೊರದೇಶದ ಸಾಕ್ಷ್ಯವೂ ಇದಕ್ಕೆ ವಿರೋಧವಾಗಿಲ್ಲ. ಸ್ಪೇನಿನ ಪ್ರಸಿದ್ಧ ಗಿಟಾರ್ ಕುಶಲಿ ಅಂತೋನಿಯೋ ದೆ ತೊರೆಸ್ ಎಂಬಾತನು 1862ರಲ್ಲಿ ಬೆನ್ನನ್ನೂ ಪಕ್ಕೆಗಳನ್ನೂ ಕಾಗದದ ರಟ್ಟಿನಿಂದಲೇ ಮಾಡಿ, ನಾದಕ್ಕೆ ಮುಖ್ಯವಾದುದು ಮೇಲ್ಹಲಗೆಯೆಂದು ತೋರಿಸಿದನು. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಬೆನ್ನು ಪಕ್ಕೆಗಳ ಮರವೊಂದನ್ನೇ ಬದಲಿಸಿದ 6 ಗಿಟಾರುಗಳನ್ನು 52 ಮಂದಿ ವಾದಕರು ಮರವು ಕಣ್ಣಿಗೆ ಕಾಣದಂತೆ ನುಡಿಸಿದರು. ಅಗ್ಗದ ಮರಕ್ಕೂ ದುಬಾರಿಯ ಮರಕ್ಕೂ ಅವರು ಕಂಡ ಅಂತರವು ಅತ್ಯಲ್ಪವಾಗಿತ್ತು. ಹವಾಯಿ ದ್ವೀಪಗಳಲ್ಲಿ ಮಾವಿನ ಮರದಿಂದ ಉಕುಲೆಲೆಗಳನ್ನು ಮಾಡುತ್ತಲೇ ಇದ್ದಾರೆ.

ಬೀಟೆಯಾದರೋ ದಿನೇ ದಿನೇ ವಿರಳವಾಗುತ್ತಿದೆ. 2017ರ ಜನವರಿಯಲ್ಲಿ ಅದರ ಕುಲವೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೊಳಪಟ್ಟಿತು. 2019ರ ನವೆಂಬರಿನಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆತರೂ ದಿಮ್ಮಿಗೂ ಹಲಗೆಗೂ ಅದು ದೊರೆಯಲಿಲ್ಲ. ಹೀಗಿರಲು, ಮಾವಿಗೆ ಹೆಸರಾಂತ ಶ್ರೀನಿವಾಸಪುರದಲ್ಲಿ ಮುಪ್ಪಾದ ಮರವನ್ನು ರೈತನು ಸೌದೆಯ ಬೆಲೆಗೆ ಮಾರುವುದು ವಿಷಾದಕರವಲ್ಲವೆ? ಫಲ ಕೊಡುವ ಮರವನ್ನು ಕಡಿಯಬೇಕೆಂದು ನಾವು ಹೇಳುತ್ತಿಲ್ಲ. ಹೇಗೂ ಬೀಳತಕ್ಕ ಮರಕ್ಕೆ ಯೋಗ್ಯವಾದ ಬೆಲೆ ಬರಲೆಂಬುದಷ್ಟೇ ನಮ್ಮ ಆಶಯ.

ತೊಡಕುಗಳಿಲ್ಲವೆಂದಲ್ಲ. ಕಡಿದ ಮಾವನ್ನು ತಡಮಾಡದೆ ಕೊಯ್ದು ಒಣಗಿಸದಿದ್ದರೆ ಹುಳು ಹಿಡಿಯುವುದು, ನೀಲಿಗಲೆ ಬೀಳುವುದು. ಹಸಿ ಹಲಗೆಯಿಂದ ಮಾಡಿದ ವಾದ್ಯವು ಬಾಗಿ ಬಿರುಕುಬಿಡುವುದು. ಗಿಟಾರಿನ ಬೆನ್ನು ಎರಡು ಮೂರು ಮಿಲಿಮೀಟರಿಗಿಂತ ದಪ್ಪವಿರದುದರಿಂದ ಇಲ್ಲಿ ಅಲಕ್ಷ್ಯವು ಸಲ್ಲದು. ಆದರೆ ಮರವನ್ನು ಹದಗೊಳಿಸುವ ವಿದ್ಯೆಯನ್ನು ದೂರದಿಂದ ತರಬೇಕಾಗಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರದ ವಿಜ್ಞಾನಕ್ಕೆಂದೇ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ. ಆ ನಗರಕ್ಕೆ ರೈಲುಮಾರ್ಗದಿಂದ ಸೇರಿರುವ, ಹೆಂಚು ಇಟ್ಟಿಗೆಗಳ ಕೈಗಾರಿಕೆಯಲ್ಲಿ ನುರಿತ ಮಾಲೂರಿನಲ್ಲಿ ಮರವನ್ನು ಕೊಯ್ದು ಹದಗೊಳಿಸುವ ಸಣ್ಣ ಕಾರ್ಖಾನೆಯೊಂದನ್ನು ಸ್ಥಾಪಿಸುವುದು ಅಸಾಧ್ಯವೇನೂ ಅಲ್ಲ.

ಅಧಿಕಾರಿಗಳೂ ಸಹಕಾರ ಸಂಘಗಳೂ ಮೊದಲು ಹತ್ತು ಗಿಟಾರುಗಳನ್ನು ಮಾವು ಹಲಸುಗಳಿಂದ ಮಾಡಿಸಿ, ಮರದ ಹೆಸರನ್ನು ತಿಳಿಸದೆ ವಾದಕರ ಕೈಗೆ ಕೊಡಲಿ. ಅವರ ತೀರ್ಪು ಅನುಕೂಲವಾದರೆ ಉದ್ಯಮವು ಬೆಳೆಯಲಿ. ಪ್ರತಿಕೂಲವಾದರೆ ನಷ್ಟವು ಹತ್ತು ಗಿಟಾರುಗಳದಷ್ಟೇ. ಪರೀಕ್ಷಿಸದೆ ಒಲೆಗೆ ಹಾಕುವುದು ಮಾತ್ರ ವಿವೇಕವಲ್ಲ.