ಮೈಕೈ ನೋವೆಲ್ಲ ವಾಯುವಲ್ಲ

ನನ್ನಿವಾಳದ ಸುತ್ತಿನ ಹಟ್ಟಿಗಳಲ್ಲಾಗಲಿ, ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಗಳಲ್ಲಾಗಲಿ, ಮೈಕೈ ನೋವಿಗೆ ಎರಡು ಕಾರಣ ಹೇಳುವುದು ವಾಡಿಕೆ. ಒಂದು ವಾಯು, ಇನ್ನೊಂದು ವಯಸ್ಸು. ಆಲೂಗಡ್ಡೆ, ಬದನೆಕಾಯಿ ಬಿಟ್ಟರೂ ಹೋಗದ ನೋವು ವಯಸ್ಸಿನ ಲೆಕ್ಕಕ್ಕೆ ಸೇರುತ್ತದೆ. ಈ ಸೀಮೆಯಲ್ಲಿ ಮೂರನೆಯದೊಂದಿದೆ. ಅನುಮಾನ ಮೊದಲು ಅದರ ಮೇಲೆಯೇ ಹೋಗಬೇಕು.

ಅದು ಬೋರ್ ನೀರು. ಚಿತ್ರದುರ್ಗ ಫ್ಲೋರೈಡ್ ಪೀಡಿತ ಜಿಲ್ಲೆ. ಮಳೆ ಕಡಿಮೆ, ಬೋರ್ ಆಳ, ಕೆಳಗೆ ಗಟ್ಟಿ ಬಂಡೆ. ಆ ಬಂಡೆಯಲ್ಲಿರುವ ಫ್ಲೋರೈಡ್ ನೀರಿಗಿಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಆಗಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕೆಡುವುದು ಮೂಳೆಯೊಂದೇ ಅಲ್ಲ. ಮೂಳೆಗೆ ಮೂಳೆ ಕಟ್ಟಿಹಿಡಿಯುವ ಲಿಗಮೆಂಟು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಎಲ್ಲ ಕಡೆ ಸುಣ್ಣದಂಶ ಕೂರುತ್ತದೆ. ಕತ್ತು ಬಿಗಿಯುತ್ತದೆ, ಸೊಂಟ ಬಗ್ಗುವುದಿಲ್ಲ. 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವೈದ್ಯರು ವರದಿ ಮಾಡಿದ್ದು ಇದನ್ನೇ. ಹೊಸ ಕಾಯಿಲೆಯೇನಲ್ಲ, ನಾವು ಗುರುತಿಸುವುದು ತಡ, ಅಷ್ಟೆ.

“ನೀರು ತಿಳಿಯಾಗಿದೆ, ಕುದಿಸಿಯೂ ಕುಡಿಯುತ್ತೇವೆ” ಎನ್ನುವವರು ಬಹಳ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಆವಿಯಾಗಿ ನೀರು ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. “ನನ್ನ ಹಲ್ಲು ಬೆಳ್ಳಗಿದೆ, ನನಗೆಲ್ಲಿಯ ಫ್ಲೋರೈಡು?” ಎಂಬುದೂ ನಿಲ್ಲದ ವಾದ. ಹಲ್ಲಿಗೆ ಕಲೆ ಬೀಳುವುದು ಅದು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ. ಬೇರೆ ಸೀಮೆಯಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಕೊನೆಯವರೆಗೂ ಬೆಳ್ಳಗೇ ಇರಬಹುದು, ಬೆನ್ನು ಮಾತ್ರ ಬಿಗಿಯಬಹುದು.

ಇನ್ನೊಂದು ತಪ್ಪು ತಿಳುವಳಿಕೆಯಷ್ಟೇ ಅಲ್ಲ, ಅಭ್ಯಾಸವೂ ಹೌದು. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದ ಕ್ಯಾನು, ಮುದ್ದೆಗೆ, ಸಾರಿಗೆ, ಟೀಗೆ ಬೋರ್ ನೀರು. ಹಿಟ್ಟು, ಬೇಳೆ ಎಷ್ಟು ನೀರು ಹೀರುತ್ತವೆಂದು ಲೆಕ್ಕ ಹಾಕಿ ನೋಡಿ. ಅಡುಗೆಗೂ ಘಟಕದ ನೀರೇ ಬೇಕು. ಹಾಲು, ಸೊಪ್ಪು, ನೆಲ್ಲಿಕಾಯಿ ಊಟದಲ್ಲಿದ್ದರೆ ಹಾನಿ ಸ್ವಲ್ಪ ತಗ್ಗುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿ. ಗದ್ದವನ್ನು ಎದೆಗೆ ತಾಗಿಸಿ. ಎರಡೂ ಕೈಯನ್ನು ತಲೆಯ ಹಿಂದೆ ಕಟ್ಟಿ. ಕಷ್ಟವಾದರೆ ಫ್ಲೋರೈಡಿನ ಕಾಯಿಲೆಯೇ ಎಂದು ತೀರ್ಮಾನಿಸಬೇಡಿ, ವೈದ್ಯರಿಗೆ ತೋರಿಸಿ. ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ನೋಡಬಹುದು, ಮುಂಗೈಯ ಎಕ್ಸ್‌ರೇ ತೆಗೆಸಬಹುದು. ಬಗ್ಗಿಹೋದ ಬೆನ್ನು ಮತ್ತೆ ನೆಟ್ಟಗಾಗುವುದಿಲ್ಲ. ಆದರೆ ಶುರುವಿನಲ್ಲೇ ನೀರು ಬದಲಿಸಿದರೆ ನೋವು ಇಳಿಯುತ್ತದೆ. ಊರಿನ ಬೋರಿನಲ್ಲಿ ಎಷ್ಟಿದೆಯೆಂದು ಪಂಚಾಯಿತಿಯಲ್ಲಿ ಕೇಳುವ ಹಕ್ಕು ನಿಮಗಿದೆ.

ಸೊಂಟ ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ತುಳಿಸಿಕೊಳ್ಳುವ ನಂಬಿಕೆ ಇನ್ನೂ ಇದೆ. ವಾಸಿಯಾದವರು ಸಾಕ್ಷಿ ಹೇಳುತ್ತಾರೆ. ನಿಜ, ಸಾಮಾನ್ಯ ಉಳುಕು ತುಳಿಯದಿದ್ದರೂ ಕೆಲವು ವಾರಗಳಲ್ಲಿ ಹೋಗುತ್ತದೆ. ಮೂಳೆ ಟೊಳ್ಳಾದ ಅಜ್ಜಿಯ ಬೆನ್ನನ್ನು ತುಳಿದರೆ ಮಾತ್ರ ಬೆನ್ನುಮೂಳೆ ಕುಸಿಯಬಹುದು. ವಾರಗಟ್ಟಲೆ ಹಾಸಿಗೆ ಹಿಡಿಯುವುದೂ ಮದ್ದಲ್ಲ. ತಡೆಯುವಷ್ಟು ಓಡಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಳ್ಳುತ್ತಾರೆ. ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವವರು, ಶೇಂಗಾ ಕೀಳಲು ದಿನವಿಡೀ ಬಗ್ಗುವವರು ನಡುನಡುವೆ ಎದ್ದು ನಿಂತು ಬೆನ್ನು ಚಾಚಬೇಕು. ಕಾಲು ಸೋತರೆ, ಮೂತ್ರ ಹಿಡಿತ ತಪ್ಪಿದರೆ, ಜ್ವರವೂ ಜೊತೆಗಿದ್ದರೆ ಆಸ್ಪತ್ರೆಗೆ ಅಂದೇ ಹೋಗಬೇಕು.

“ಒಂದು ಇಂಜೆಕ್ಷನ್ ಹಾಕಿಸಿದರೆ ಸರಿಹೋಗುತ್ತೆ” ಎಂಬ ಮಾತಿನಷ್ಟು ಅಪಾಯಕಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ತಟ್ಟನೆ ನೋವಿಳಿಸುವ ಅಂಥ ಸೂಜಿಯಲ್ಲಿ ಹಲವು ಸಲ ಸ್ಟೀರಾಯ್ಡ್ ಇರುತ್ತದೆ. ಪದೇ ಪದೇ ತೆಗೆದುಕೊಂಡರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ನೋವಿನ ಮಾತ್ರೆ ಮೂತ್ರಪಿಂಡವನ್ನು ಕೆಡಿಸಬಹುದು. ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲೂ ಸ್ಟೀರಾಯ್ಡ್ ಬೆರೆತಿರಬಹುದು.

ಕೀಲುವಾತ ಮುದುಕರ ಕಾಯಿಲೆಯೆಂದು ಮೂವತ್ತರ ಹೆಂಗಸು ಸುಮ್ಮನಿರಬಾರದು. ಬೆಳಿಗ್ಗೆ ಎದ್ದ ಮೇಲೆ ಗಂಟೆ ಕಳೆದರೂ ಬೆರಳು ಮಡಚಲಾಗದೆ, ಗೆಣ್ಣು ಊದಿದ್ದರೆ ಅದು ರುಮಟಾಯ್ಡ್ ಎಂಬ ಕೀಲುವಾತ ಇರಬಹುದು. ಬೇಗ ಔಷಧ ಶುರುವಾದರೆ ಕೀಲು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು.

ಇನ್ನು ಮಕ್ಕಳ ಮಾತು. ಮೀನಖಂಡ ದಪ್ಪಗಿರುವ ಹುಡುಗನನ್ನು “ಗಟ್ಟಿಗ” ಎನ್ನುತ್ತೇವೆ. ಆ ಹುಡುಗ ಪದೇ ಪದೇ ಬೀಳುತ್ತಿದ್ದರೆ, ನೆಲದಿಂದ ಏಳಲು ತನ್ನ ತೊಡೆಯ ಮೇಲೇ ಕೈ ಊರುತ್ತಿದ್ದರೆ, ಅದು ಡ್ಯೂಶೆನ್ ಎಂಬ ಸ್ನಾಯುಕ್ಷಯದ ಲಕ್ಷಣವಿರಬಹುದು. ದೇವರ ಮುನಿಸೂ ಅಲ್ಲ, ತಾಯಿಯ ತಪ್ಪೂ ಅಲ್ಲ, ಒಂದು ಜೀನಿನ ದೋಷ. ವಂಶದಲ್ಲಿ ಯಾರಿಗೂ ಇಲ್ಲದೆಯೂ ಬರುತ್ತದೆ. ಪೂರ್ತಿ ವಾಸಿಮಾಡುವ ಮದ್ದಿಲ್ಲವಾದರೂ ಔಷಧ, ವ್ಯಾಯಾಮಗಳಿಂದ ನಡೆದಾಡುವ ವರ್ಷಗಳನ್ನು ಹೆಚ್ಚಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸ್ನಾಯುಕ್ಷಯವೂ ಒಂದು. ಮಗುವಿಗೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಲು ತಡಮಾಡಬೇಡಿ.